ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿದೆ. ಯೀಸ್ಟ್ ಸತ್ತಿದೆಯಾ, ಮುಚ್ಚಳ ಸೋರ್ತಿದೆಯಾ?

ಕಾಫಿಹೂ (ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅತ್ತೆಯ ಕಾಲದಿಂದ ದ್ರಾಕ್ಷಿ ವೈನ್ ಹಾಕೋದು ಭರಣಿಯಲ್ಲೇ. ಈ ವರ್ಷ ಸರಿಯಾದ ಸಾಮಾನು ಇಟ್ಟುಕೊಂಡು ಮಾಡೋಣ ಅಂತ ಹೊಸದಾಗಿ ಎಲ್ಲ ತರಿಸಿದೆ. ಮುಚ್ಚಳ ಇರುವ 20 ಲೀಟರ್ ಪ್ಲಾಸ್ಟಿಕ್ ಬಕೆಟ್. ಮುಚ್ಚಳಕ್ಕೆ ತೂತು ಕೊರೆದು ರಬ್ಬರ್ ವಾಷರ್ ಹಾಕಿ, ಅದರೊಳಗೆ ಮೂರು ತುಂಡಿನ ಏರ್‌ಲಾಕ್ ಸಿಕ್ಕಿಸಿದ್ದೇನೆ (ಒಳಗಿನ ಗ್ಯಾಸು ನೀರಿನ ಮೂಲಕ ಗುಳ್ಳೆಯಾಗಿ ಹೊರಗೆ ಹೋಗೋ ಪುಟ್ಟ ಕೊಳವೆ). ಬೆಂಗಳೂರು ಬ್ಲೂ ದ್ರಾಕ್ಷಿ 12 ಕಿಲೋ, ಸಕ್ಕರೆ ಅರ್ಧ ಕಿಲೋ, ವೈನ್ ಯೀಸ್ಟ್ 5 ಗ್ರಾಂ ಪ್ಯಾಕೆಟ್ ಒಂದು. ನೀರು ಹಾಕಿಲ್ಲ.

ಮೊದಲ ರಾತ್ರಿ ಏರ್‌ಲಾಕ್ ಗುಳುಗುಳು ಅಂತಿತ್ತು. ಈಗ ಒಂದು ಗುಳ್ಳೆಯೂ ಇಲ್ಲ. ವಾಸನೆ ಚೆನ್ನಾಗಿದೆ. ಸಿಪ್ಪೆ ಎಲ್ಲ ಮೇಲೆ ಬಂದು ಕೂತಿದೆ. ಇಲ್ಲಿ ರಾತ್ರಿ ಚಳಿ ಶುರುವಾಗಿದೆ, ಅದಕ್ಕೇನಾದರೂ ಯೀಸ್ಟ್ ಸತ್ತುಹೋಯಿತಾ? ಇನ್ನೊಂದು ಪ್ಯಾಕೆಟ್ ಹಾಕಲಾ? ಹುತ್ತರಿಗೆ ನೆಂಟರು ಬರ್ತಾರೆ, ಅಷ್ಟರಲ್ಲಿ ಆಗುತ್ತಾ?

ಹೊಸಬಾಟ್ಲಿ (ಬೆಂಗಳೂರು)

ನನಗೂ ಹೀಗೇ ಆಗಿತ್ತು. ಇನ್ನೊಂದು ಚಮಚ ಯೀಸ್ಟ್, ಸ್ವಲ್ಪ ಸಕ್ಕರೆ ಹಾಕಿ. ಮತ್ತೆ ಶುರುವಾಗುತ್ತೆ.

ಲ್ಯಾಬ್‌ಮೇಷ್ಟ್ರು (ಮೈಸೂರು)

ದಯವಿಟ್ಟು ಈಗಲೇ ಏನೂ ಹಾಕಬೇಡಿ. ಏರ್‌ಲಾಕ್ ಅಳತೆಯ ಸಾಧನ ಅಲ್ಲ. ಒಳಗಿನ ಗಾಳಿ ಹೊರಗೆ ಹೋಗಲಿ, ಹೊರಗಿನದು ಒಳಗೆ ಬಾರದಿರಲಿ ಅಂತ ಇರೋದು, ಅಷ್ಟೇ. ಗುಳ್ಳೆ ಬಂದರೆ ಹುದುಗುತ್ತಿದೆ ಅಂತ ಸುಮಾರಾಗಿ ಹೇಳಬಹುದು. ಬರದಿದ್ದರೆ ಏನೂ ಹೇಳೋಕೆ ಆಗಲ್ಲ. ಇಂಗಾಲದ ಡೈಆಕ್ಸೈಡ್ ಸುಲಭದ ದಾರಿ ಹುಡುಕುತ್ತೆ. ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೆ ಸಾಕು, ಏರ್‌ಲಾಕ್‌ನ ನೀರನ್ನು ತಳ್ಳಿಕೊಂಡು ಹೋಗುವ ಕಷ್ಟ ಅದಕ್ಕೆ ಯಾಕೆ?

ಸಿಪ್ಪೆ ಮೇಲೆ ಬಂದಿದೆ ಅಂದಿರಿ. ಅದನ್ನು ಎತ್ತಿ ಹಿಡಿದಿರೋದೇ ಒಳಗಿನ ಗ್ಯಾಸು. ನನ್ನ ಪ್ರಕಾರ ಯೀಸ್ಟ್ ಚೆನ್ನಾಗಿದೆ, ಬಕೆಟ್ ಸೋರ್ತಿದೆ.

ಹೀಗೆ ನೋಡಿ. ಮುಚ್ಚಳದ ನಡುವೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ಹಾಗೇ ಹಿಡಿದುಕೊಳ್ಳಿ. ಏರ್‌ಲಾಕ್ ಒಳಗಿನ ಪುಟ್ಟ ಟೋಪಿ ಮೇಲೆದ್ದು, ಕೈ ತೆಗೆಯುವವರೆಗೂ ಹಾಗೇ ನಿಲ್ಲಬೇಕು. ಏಳದೇ ಇದ್ದರೆ, ಇಲ್ಲಾ ಎದ್ದು ತಕ್ಷಣ ಕುಸಿದರೆ, ಎಲ್ಲೋ ಸೋರ್ತಿದೆ. ಆಮೇಲೆ ಪಾತ್ರೆ ತೊಳೆಯೋ ಸೋಪು ನೀರಲ್ಲಿ ಕದಡಿ, ವಾಷರ್ ಸುತ್ತ ಮತ್ತು ಮುಚ್ಚಳದ ಅಂಚಿಗೆ ಬ್ರಷ್‌ನಲ್ಲಿ ಹಚ್ಚಿ. ಗ್ಯಾಸ್ ರೆಗ್ಯುಲೇಟರ್ ಸೋರ್ತಿದೆಯಾ ಅಂತ ನೋಡ್ತೀವಲ್ಲ, ಹಾಗೇ.

ಅಂದ ಹಾಗೆ ಬಕೆಟ್ ಎಲ್ಲಿಯದು? ಪೇಂಟ್ ಬಕೆಟ್ ಅಲ್ಲ ತಾನೇ? ಎಷ್ಟು ತೊಳೆದರೂ ಅದು ಬೇಡ.

ಕಾಫಿಹೂ

ಅಯ್ಯೋ ಇಲ್ಲ ಮೇಷ್ಟ್ರೇ, ಪಾತ್ರೆ ಅಂಗಡಿಯ ಹೊಸ ಬಕೆಟ್. ತಳದಲ್ಲಿ ತ್ರಿಕೋನದೊಳಗೆ 2 ಅಂತ ಇದೆ. ನಾಳೆ ಬೆಳಿಗ್ಗೆ ಒತ್ತಿ ನೋಡಿ ಹೇಳ್ತೀನಿ.

ದ್ರಾಕ್ಷಿಚಪ್ಪರ (ದೊಡ್ಡಬಳ್ಳಾಪುರ)

2 ಅಂದರೆ ಎಚ್‌ಡಿಪಿಇ ಅನ್ನೋ ಪ್ಲಾಸ್ಟಿಕ್, ಆಹಾರಕ್ಕೆ ಬಳಸೋ ದರ್ಜೆಯದ್ದಾದರೆ ಪರವಾಗಿಲ್ಲ. ಒಳಗೆ ಸ್ಟೀಲ್ ನಾರು ಹಾಕಿ ಮಾತ್ರ ಉಜ್ಜಬೇಡಿ. ಒಂದೊಂದು ಗೀರಿನಲ್ಲೂ ಬ್ಯಾಕ್ಟೀರಿಯಾ ಕೂತುಬಿಡುತ್ತೆ, ಆಮೇಲೆ ಯಾವ ನೀರಿಗೂ ಹೋಗಲ್ಲ.

ಬ್ಲೂ ದ್ರಾಕ್ಷಿ ಬೆಳೆಯೋನು ನಾನು, ಅದಕ್ಕೆ ಇನ್ನೊಂದು ಮಾತು. ಇದರ ಸಿಪ್ಪೆ ದಪ್ಪ, ತಿರುಳಿನಿಂದ ಚೀಲದ ಹಾಗೆ ಕಳಚಿ ಬರುತ್ತೆ. ಬಕೆಟ್‌ನಲ್ಲಿ ಈ ಸಿಪ್ಪೆಯದ್ದು ಗಟ್ಟಿ ಪದರ ಕಟ್ಟುತ್ತೆ. ದಿನಕ್ಕೆ ಎರಡು ಸಲವಾದರೂ ಅದನ್ನು ಕೆಳಗೆ ಅದುಮಬೇಕು. ಬಿಟ್ಟರೆ ಮೇಲ್ಭಾಗ ಒಣಗಿ ಹುಳಿ ಹಿಡಿಯುತ್ತೆ. ಉದ್ದ ಹಿಡಿಯ ಸ್ಟೀಲ್ ಸೌಟು ಸಾಕು. ಮಜ್ಜಿಗೆ ಕಡೆಯೋ ಕಡಗೋಲು ಬೇಡ, ಮರ ಹಾಲಿನ ವಾಸನೆ ಬಿಡಲ್ಲ. ಸಿಪ್ಪೆ ಅದುಮೋಕೆ ಹೇಗೂ ಮುಚ್ಚಳ ತೆಗೀತೀರಿ. ಅಂದಮೇಲೆ ಮೊದಲ ವಾರ ಗಾಳಿಯಾಡದ ಮುಚ್ಚಳ ಬೇಕೇ ಬೇಕು ಅಂತೇನಿಲ್ಲ. ದಪ್ಪ ಬಟ್ಟೆ ಕಟ್ಟಿದರೂ ನಡೆಯುತ್ತೆ.

ಕುಡ್ಲದವ (ಮಂಗಳೂರು)

ಅದನ್ನೇ ನಾನು ಹೇಳೋದು ಮಾರಾಯ್ರೆ! ನಮ್ಮಲ್ಲಿ ಕ್ರಿಸ್‌ಮಸ್ ವೈನ್‌ಗೆ ಭರಣಿ, ಮೇಲೊಂದು ಬಟ್ಟೆ, ದಿನಾ ಮರದ ಸೌಟಲ್ಲಿ ತಿರುವೋದು. 21 ದಿನ ಆದಮೇಲೆ ಸೋಸೋದು. ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಮೊಟ್ಟೆಯ ಬಿಳಿ. ಏರ್‌ಲಾಕೂ ಇಲ್ಲ, ತಲೆನೋವೂ ಇಲ್ಲ.

ಲ್ಯಾಬ್‌ಮೇಷ್ಟ್ರು

ಭರಣಿಯನ್ನು ನಾನು ಬೈಯಲ್ಲ. ಶುರುವಿನ ವಾರಕ್ಕೆ ಅದು ಬಹಳ ಒಳ್ಳೆಯ ಪಾತ್ರೆ. ಬಾಯಿ ಅಗಲ, ಗೋಡೆ ದಪ್ಪ, ಬಿಸಿ-ತಂಪು ಬೇಗ ಏರಿಳಿಯಲ್ಲ. ನನ್ನ ತಕರಾರು ಬೇರೆ ಎರಡು.

ಒಂದು, ಸರಿಸಮ ಸಕ್ಕರೆ. ಯೀಸ್ಟ್‌ಗೆ ಸಕ್ಕರೆ ಬೇಕು ನಿಜ. ಆದರೆ ಅಷ್ಟೊಂದು ಸಕ್ಕರೆ ಯೀಸ್ಟ್‌ನ ಮೈಯಿಂದಲೇ ನೀರನ್ನು ಎಳೆದುಕೊಳ್ಳುತ್ತೆ. ಅದು ಸುಸ್ತಾಗಿ ಅರ್ಧದಲ್ಲೇ ನಿಲ್ಲುತ್ತೆ. ಉಳಿದದ್ದು ಪಾನಕದ ಸಿಹಿ. ಅನೇಕರು ಮನೆ ವೈನ್ ಅಂದರೆ ಸಿಹಿ ಇರಲೇಬೇಕು ಅಂದುಕೊಂಡಿರೋದು ಇದರಿಂದಲೇ. ಲೆಕ್ಕ ಇಷ್ಟೇ: ಲೀಟರ್ ರಸಕ್ಕೆ 17 ಗ್ರಾಂ ಸಕ್ಕರೆ ಹಾಕಿದರೆ ಆಲ್ಕೋಹಾಲ್ ಶೇ. 1ರಷ್ಟು ಏರುತ್ತೆ. ಬ್ಲೂ ದ್ರಾಕ್ಷಿಯ ರಸದಲ್ಲೇ ಶೇ. 9-10 ಆಗುವಷ್ಟು ಸಕ್ಕರೆ ಇರುತ್ತೆ. ಕಾಫಿಹೂ ಅವರು ಹಾಕಿದ ಅರ್ಧ ಕಿಲೋ ಬೇಕಾದಷ್ಟಾಯಿತು.

ಎರಡು, 21 ದಿನ. ಕ್ಯಾಲೆಂಡರ್ ನೋಡಿ ಸೋಸೋದು ಯಾಕೆ? ಹುದುಗುವಾಗ ಮೇಲೇಳೋ ಗ್ಯಾಸೇ ರಸಕ್ಕೆ ಹೊದಿಕೆ. ಅದು ನಿಂತಮೇಲೂ ಬಟ್ಟೆ ಕಟ್ಟಿದ ಭರಣಿಯಲ್ಲೇ ಬಿಟ್ಟರೆ ಗಾಳಿ ಇಳಿಯುತ್ತೆ. ವಿನೆಗರ್ ಮಾಡೋ ಬ್ಯಾಕ್ಟೀರಿಯಾಕ್ಕೆ ಆಲ್ಕೋಹಾಲ್ ಮತ್ತು ಗಾಳಿ ಎರಡೂ ಸಿಕ್ಕ ಹಾಗಾಯಿತು. ಕೊಳೆತ ಬಾಳೆಹಣ್ಣಿನ ಮೇಲೆ ಕೂರೋ ಸಣ್ಣ ನೊಣ ಇದೆಯಲ್ಲ, ಅದೇ ಈ ಬ್ಯಾಕ್ಟೀರಿಯಾವನ್ನು ಹೊತ್ತು ತರೋದು.

ಗೋಧಿಯಿಂದ ನನಗೆ ಕಂಡಂತೆ ಹೆಚ್ಚಿನ ಲಾಭವಿಲ್ಲ, ಅದರ ಪಿಷ್ಟದಿಂದ ವೈನ್ ಮಬ್ಬಾಗುತ್ತೆ. ಮೊಟ್ಟೆಯ ಬಿಳಿಗೆ ಮಾತ್ರ ಅರ್ಥ ಇದೆ. ಯುರೋಪಿನಲ್ಲಿ ಕೆಂಪು ವೈನ್ ತಿಳಿ ಮಾಡೋಕೆ ಹಿಂದಿನಿಂದಲೂ ಬಳಸ್ತಾರೆ. ಅಲ್ಲಿ 225 ಲೀಟರ್‌ನ ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಹಾಕ್ತಾರೆ, ಅದೂ ಎಲ್ಲ ಮುಗಿದ ಮೇಲೆ. ಮನೆಯ ಎಂಟು ಲೀಟರ್‌ಗೆ ಒಂದು ಬಿಳಿಯ ಕಾಲು ಭಾಗವೂ ಬೇಕಾಗಲ್ಲ. ಶುರುವಿನಲ್ಲೇ ಹಾಕಿದರೆ ದಂಡ.

ಕುಡ್ಲದವ

ನಮ್ಮ ಅಜ್ಜಿ ಇದ್ದಿದ್ದರೆ ನಿಮಗೆ ಉತ್ತರ ಕೊಡ್ತಿದ್ದರು ಮೇಷ್ಟ್ರೇ 😄 ಆದರೆ ಹುಳಿ ಆಗೋದು ನಿಜ. ಹೋದ ವರ್ಷದ್ದು ಅರ್ಧ ಭರಣಿ ಮೀನು ಸಾರಿಗೆ ಹುಳಿಯಾಗಿ ಹೋಯಿತು. ಭರಣಿಯದ್ದೇ ದೋಷ ಇರಬಹುದಾ? ಮೊದಲು ಮಾವಿನ ಮಿಡಿ ಹಾಕಿದ್ದ ಭರಣಿ ಅದು.

ಲ್ಯಾಬ್‌ಮೇಷ್ಟ್ರು

ಇರಬಹುದು. ಟಾರ್ಚ್ ಹಿಡಿದು ಒಳಗೋಡೆ ನೋಡಿ. ಹೊಳಪಿನ ಪದರದಲ್ಲಿ ಜೇಡರ ಬಲೆಯಂಥ ಗೆರೆ ಕಂಡರೆ ಆ ಬಿರುಕಿನೊಳಗೆ ಉಪ್ಪು, ಎಣ್ಣೆ, ಹಳೇ ಹುಳಿ ಎಲ್ಲ ಇಳಿದಿರುತ್ತೆ. ಬಿಸಿನೀರು ಹಾಕಿ ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಮೂಸಿ. ಮಿಡಿಯ ವಾಸನೆ ಬಂದರೆ ಆ ಭರಣಿ ಉಪ್ಪಿನಕಾಯಿಗೇ ಇರಲಿ. ಎಲ್ಲಿ ಮಾಡಿದ್ದು ಅಂತ ಗೊತ್ತಿಲ್ಲದ ತೀರಾ ಹಳೆಯ ಬಣ್ಣದ ಭರಣಿಯಾದರೆ ಇನ್ನೊಂದು ಭಯ. ಕೆಲವು ಹಳೇ ಹೊಳಪಿನಲ್ಲಿ ಸೀಸ ಇರುತ್ತೆ, ವೈನಿನ ಹುಳಿಗೆ ಅದು ಬಿಟ್ಟುಕೊಳ್ಳುತ್ತೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳೂ ಬೇಡವೇ ಬೇಡ.

ಕಾಫಿಹೂ

ಮೇಷ್ಟ್ರೇ, ನೋಡಿದೆ. ಒತ್ತಿದರೆ ಟೋಪಿ ಸ್ವಲ್ಪ ಎದ್ದು ತಕ್ಷಣ ಬೀಳುತ್ತೆ. ವಾಷರ್ ಸುತ್ತ ಸೋಪು ಹಚ್ಚಿದೆ, ಏನೂ ಇಲ್ಲ. ಅಂಚಿಗೆ ಹಚ್ಚುತ್ತಾ ಬಂದೆ. ಹಿಡಿಕೆ ಸೇರೋ ಜಾಗದ ಪಕ್ಕ ಸಾಸಿವೆಯಷ್ಟು ಗುಳ್ಳೆ ಎದ್ದಿತು. ನೋಡ್ತಾ ಇದ್ದ ಹಾಗೇ ದೊಡ್ಡದಾಗಿ ಟಪ್ ಅಂತ ಒಡೆಯಿತು. ಅದೇ ಜಾಗದಲ್ಲಿ ಮತ್ತೊಂದು. ಬೆರಳಾಡಿಸಿದರೆ ಅಲ್ಲಿ ಅಚ್ಚಿನ ಗೆರೆ ಉಬ್ಬಿಕೊಂಡಿದೆ, ಮುಚ್ಚಳ ಅಲ್ಲಿ ಪೂರ್ತಿ ಕೂರ್ತಿಲ್ಲ. ಅದಕ್ಕೆ ಎಂ-ಸೀಲ್ ಮೆತ್ತಲಾ?

ಲ್ಯಾಬ್‌ಮೇಷ್ಟ್ರು

ಬೇಡ. ದಿನಾ ತೆಗೆಯೋ ಮುಚ್ಚಳಕ್ಕೆ ಎಂ-ಸೀಲ್ ಯಾಕೆ? ರಸ ತಾಗೋ ಕಡೆಯಂತೂ ಅದನ್ನು ಹಚ್ಚಲೇಬಾರದು. ಗ್ಯಾಸು ಜೋರಾಗಿ ಹೊರಗೆ ಬರ್ತಿರೋವರೆಗೆ ಆ ಸಂದಿಯಿಂದ ತೊಂದರೆ ಇಲ್ಲ. ನೊಣ ನುಗ್ಗದ ಹಾಗೆ ಮೇಲೊಂದು ಬಟ್ಟೆ ಕಟ್ಟಿ ಸುಮ್ನೆ ಇರಿ. ಸೋಸಿದ ಮೇಲೆ ಗಾಜಿನ ಪಾತ್ರೆಗೆ ಹಾಕುವಾಗ ಏರ್‌ಲಾಕ್ ಬಿಗಿಯಾಗಿರಬೇಕು. ಅದರ ಕೆಲಸ ಶುರುವಾಗೋದೇ ಆಗ.

ಈಗ ಬೇಕಿರೋದು ಹೈಡ್ರೋಮೀಟರ್. ರಸ ನೀರಿಗಿಂತ ಎಷ್ಟು ಸಾಂದ್ರ ಅಂತ ಅದು ತೋರಿಸುತ್ತೆ, ಸಕ್ಕರೆ ಹುದುಗಿದ ಹಾಗೆ ಅಂಕಿ ಇಳಿಯುತ್ತೆ. ಇದೆಯಾ?

ಕಾಫಿಹೂ

ಅದು ಇನ್ನೂ ಬಂದಿಲ್ಲ, ದಾರಿಯಲ್ಲಿದೆ. ಮನೆಯಲ್ಲಿ ಹಾಲಿಗೆ ಇಟ್ಟಿರೋ ಲ್ಯಾಕ್ಟೋಮೀಟರ್ ಇದೆ. ಅದು ಆಗಲ್ವಾ?

ಲ್ಯಾಬ್‌ಮೇಷ್ಟ್ರು

ಎರಡರದೂ ತತ್ವ ಒಂದೇ, ಅಳತೆಯ ವ್ಯಾಪ್ತಿ ಬೇರೆ. ಲ್ಯಾಕ್ಟೋಮೀಟರ್‌ನ ಗೆರೆಗಳು ಹಾಲಿನ ಸುತ್ತಮುತ್ತ ಮಾತ್ರ, ಹೆಚ್ಚೆಂದರೆ 1.040ರವರೆಗೆ. ನಿಮ್ಮ ರಸ ಶುರುವಾಗಿದ್ದು ಸುಮಾರು 1.090ರಲ್ಲಿ. ಅಲ್ಲಿ ಅದು ಬೆಂಡಿನ ಹಾಗೆ ತೇಲುತ್ತೆ. ವೈನ್ ಮುಗಿಯೋದು 1.000ಕ್ಕಿಂತ ಕೆಳಗೆ, ಅಲ್ಲಿ ಮುಳುಗೇಹೋಗುತ್ತೆ. ವೈನ್‌ದೇ ತರಿಸಿಕೊಂಡಿದ್ದು ಒಳ್ಳೆಯದಾಯಿತು.

ಬಂದ ತಕ್ಷಣ ನೀರಿನಲ್ಲಿ ಬಿಟ್ಟು ನೋಡಿ. 20 ಡಿಗ್ರಿ ಅಂತ ಬರೆದಿದ್ದರೆ ಅಷ್ಟೇ ತಂಪಿನ ಶುದ್ಧ ನೀರಿನಲ್ಲಿ 1.000 ತೋರಿಸಬೇಕು. ಒಳಗಿನ ಕಾಗದದ ಪಟ್ಟಿ ಸಾಗಣೆಯಲ್ಲಿ ಜಾರಿರೋದು ಅಪರೂಪವೇನಲ್ಲ. 1.003 ತೋರಿಸಿದರೆ ಎಸೆಯಬೇಡಿ, ಪ್ರತಿ ಸಲ 0.003 ಕಳೆದುಕೊಂಡರಾಯಿತು.

ಬಿಸಿಲೂರು (ಕಲಬುರಗಿ)

ನಡುವೆ ಬಾಯಿ ಹಾಕ್ತೀನಿ ರೀ. ಮೇಡಂ ಅವರಿಗೆ ಚಳಿ ಚಿಂತೆ, ನಮಗೆ ಬಿಸಿಲಿಂದು. ಏಪ್ರಿಲ್‌ನ್ಯಾಗ ಹಾಕಿದ್ದೆ. ಹೊರಗ 40 ಡಿಗ್ರಿ. ಏರ್‌ಲಾಕ್‌ನ ನೀರು ಎರಡು ದಿನಕ್ಕ ಆರಿಹೋಗೋದು. ಆಮೇಲೆ ಹುದುಗೋದೂ ನಿಂತಿತು. ರುಚಿ ನೋಡಿದರ ಇನ್ನೂ ಸಿಹಿ. ಏನ್ ಮಾಡಬೇಕಿತ್ತು?

ಲ್ಯಾಬ್‌ಮೇಷ್ಟ್ರು

ನಿಮ್ಮಲ್ಲಿ ಯೀಸ್ಟ್ ನಿಜವಾಗಲೂ ಕೈಚೆಲ್ಲಿದೆ. ಹುದುಗುವಾಗ ರಸವೇ ಶಾಖ ಹುಟ್ಟಿಸುತ್ತೆ, ಕೋಣೆಗಿಂತ ಬಕೆಟ್ ಒಳಗೆ ಜಾಸ್ತಿ ಬಿಸಿ ಇರುತ್ತೆ. ಇಸಿ-1118 ಅನ್ನೋ ಗಟ್ಟಿ ಯೀಸ್ಟ್‌ಗೂ 30 ಡಿಗ್ರಿಯವರೆಗೆ ಅಂತಲೇ ಕಂಪನಿ ಹೇಳೋದು. 35 ದಾಟಿದರೆ ಅರ್ಧದಲ್ಲಿ ನಿಲ್ಲೋ ಸಂಭವ ಬಹಳ. ದೊಡ್ಡ ಟಬ್‌ನಲ್ಲಿ ನೀರು ಹಾಕಿ ಅದರೊಳಗೆ ಬಕೆಟ್ ಇಡಿ. ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಅದರ ತುದಿ ಟಬ್‌ನ ನೀರಲ್ಲಿ ಇಳಿದಿರಲಿ. ಫ್ಯಾನ್ ಹಾಕಿದರೆ ಇನ್ನೂ ಒಳ್ಳೆಯದು. ನಿಮ್ಮ ಒಣಹವೆಗೆ ಇದು ಮಂಗಳೂರಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ಏರ್‌ಲಾಕ್‌ಗೆ ಅರ್ಧದವರೆಗೆ ಮಾತ್ರ ನೀರು ಹಾಕಿ ಬೆಳಿಗ್ಗೆ ಒಮ್ಮೆ ನೋಡೋ ಅಭ್ಯಾಸ ಇಟ್ಟುಕೊಳ್ಳಿ. ಇಲ್ಲಾ, ಚಳಿಗಾಲದಲ್ಲಿ ಹಾಕಿ ರೀ.

ಬಿಸಿಲೂರು

ಕಡೀದು ಎಲ್ಲಕ್ಕಿಂತ ಸುಲಭ ಐತಿ ಬಿಡ್ರಿ 😀

ಕಾಯ್ದೆಪುಸ್ತಕ

ಎಲ್ಲರೂ ಖುಷಿಯಲ್ಲಿದ್ದೀರಿ, ಆದರೂ ಹೇಳ್ತೀನಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು, ಮಾರೋದು ಎರಡೂ ಅಪರಾಧ. ಮನೆ ಪದ್ಧತಿ ಅಂತ ಕಾನೂನು ಸುಮ್ಮನಿರುತ್ತೆ ಅಂದುಕೊಳ್ಳಬೇಡಿ. ಹೋಂಸ್ಟೇ ನಡೆಸೋರು ಬಾಟಲಿಗೆ ಚೀಟಿ ಅಂಟಿಸಿ ಮಾರೋಕೆ ಹೋಗಬೇಡಿ. ಬಟ್ಟಿ ಇಳಿಸೋ ಯೋಚನೆಯಂತೂ ಬೇಡವೇ ಬೇಡ.

ಸಮುದ್ರದಾಚೆ (ಕ್ಯಾಲಿಫೋರ್ನಿಯ)

ನಮ್ಮಲ್ಲಿ ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತಕ್ಕೆ ಮಾಡಿಕೊಳ್ಳಬಹುದು. ಬಟ್ಟಿ ಇಳಿಸೋದು ಇಲ್ಲೂ ಅಪರಾಧವೇ.

ಕಾಫಿಹೂ ಅವರೇ, ಮೂರು ತುಂಡಿನ ಏರ್‌ಲಾಕ್ ಅಂದಿರಿ. ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಏರ್‌ಲಾಕ್‌ನ ನೀರನ್ನು ವೈನ್ ಒಳಗೆ ಎಳೆದುಕೊಳ್ಳುತ್ತೆ. ಹುದುಗೋದು ನಿಧಾನವಾದ ಮೇಲೆ ಇದು ಹೆಚ್ಚು. ಅದಕ್ಕೇ ಅದರಲ್ಲಿ ನಲ್ಲಿ ನೀರು ಇಡಬೇಡಿ. ಕುದಿಸಿ ಆರಿಸಿದ ನೀರಿರಲಿ, ಇಲ್ಲಾ ಒಂದೆರಡು ಚಮಚ ವೋಡ್ಕಾ ಹಾಕಿ, ಒಳಗೆ ಹೋದರೂ ನಷ್ಟವಿಲ್ಲ. ಎಸ್ ಆಕಾರದ್ದು ಸಿಕ್ಕರೆ ಗಾಜಿನ ಜಾಡಿಗೆ ಅದನ್ನೇ ಹಾಕಿ. ಅದರಲ್ಲಿ ನೀರು ಒಳಗೆ ಹೋಗಲ್ಲ, ಹೊರಗಿನ ಗಾಳಿ ಗುಳ್ಳೆಯಾಗಿ ಹಿಂದಕ್ಕೆ ಬರುತ್ತೆ ಅಷ್ಟೇ. ಆದರೆ ಸಿಪ್ಪೆ, ನೊರೆ ಸಿಕ್ಕಿಕೊಂಡರೆ ಎಸ್ ತೊಳೆಯೋದು ದೊಡ್ಡ ರಗಳೆ. ಸಿಪ್ಪೆ ಇರೋ ಬಕೆಟ್‌ಗೆ ಮೂರು ತುಂಡಿನದ್ದು, ಸೋಸಿದ ಮೇಲೆ ಎಸ್.

ಹೊಸಬಾಟ್ಲಿ

ಏರ್‌ಲಾಕ್ ಯಾಕೆ, ಸ್ಕ್ರೂ ಮುಚ್ಚಳ ಬಿಗಿದು ದಿನಕ್ಕೊಮ್ಮೆ ಸಡಿಲ ಮಾಡಿದರೆ ಸಾಲದಾ? ನಾನು ಹಾಗೇ ಮಾಡೋದು.

ಲ್ಯಾಬ್‌ಮೇಷ್ಟ್ರು

ಗಾಜಿನ ಜಾಡಿಯಾಗಿದ್ದರೆ ಇವತ್ತೇ ಬಿಟ್ಟುಬಿಡಿ. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ 250 ಲೀಟರ್‌ಗೂ ಜಾಸ್ತಿ ಗ್ಯಾಸ್ ಬರುತ್ತೆ. ಒಂದು ರಾತ್ರಿ ಮರೆತರೆ ಗಾಜು ಒಡೆದು ಚೂರು ಎಲ್ಲಿಗೆ ಹಾರುತ್ತೋ ಗೊತ್ತಿಲ್ಲ. ಏರ್‌ಲಾಕ್ ಸಿಗದಿದ್ದರೆ ಮುಚ್ಚಳಕ್ಕೆ ಅಕ್ವೇರಿಯಂ ಅಂಗಡಿಯ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿಸಿಡಿ. ಆದರೆ ಸಿಪ್ಪೆ ಇರುವಾಗ ಅಷ್ಟು ಸಣ್ಣ ಪೈಪ್ ಬೇಡ, ಒಂದು ದ್ರಾಕ್ಷಿ ಸಿಪ್ಪೆ ಅಡ್ಡ ಬಂದರೆ ಮುಚ್ಚಳವೇ ಹಾರುತ್ತೆ. ಆಗ ಬೆರಳು ದಪ್ಪದ್ದು ಬೇಕು. ಜೋರಾಗಿ ಹುದುಗುವಾಗ ಪಾತ್ರೆಯಲ್ಲಿ ಮೇಲೆ ಕಾಲು ಭಾಗವಾದರೂ ಖಾಲಿ ಇರಲಿ. ಗಾಳಿಯಾಡದ ಸಣ್ಣ ಉಗ್ರಾಣದಲ್ಲಿ ಇಟ್ಟಿದ್ದರೆ ಕಿಟಕಿ ತೆಗೆದಿಡಿ.

ಕಾಫಿಹೂ

ಹೈಡ್ರೋಮೀಟರ್ ಬಂತು! ನೀರಿನಲ್ಲಿ ಸರಿಯಾಗಿ 1.000. ರಸ ಸೋಸಿ ಉದ್ದ ಗ್ಲಾಸಿಗೆ ಹಾಕಿ ಬಿಟ್ಟೆ. ಮೊದಲು 1.040 ತೋರಿಸಿತು. ಕಡ್ಡಿಗೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತಿತ್ತು. ಬೆರಳಲ್ಲಿ ಗಿರ್ರನೆ ತಿರುಗಿಸಿ ಬಿಟ್ಟ ಮೇಲೆ ಇಳಿದು 1.034ಕ್ಕೆ ನಿಂತಿತು. ರಸದ ಬಿಸಿ 28 ಡಿಗ್ರಿ.

ಲ್ಯಾಬ್‌ಮೇಷ್ಟ್ರು

ತಿರುಗಿಸಿದ್ದು ಸರಿಯಾಯಿತು. 28 ಡಿಗ್ರಿಗೆ 0.002 ಸೇರಿಸಿ, 1.036. 1.090ರಿಂದ ಇಲ್ಲಿಗೆ ಇಳಿದಿದೆ. ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಈಗಾಗಲೇ ಶೇ. 7ರಷ್ಟು ಆಲ್ಕೋಹಾಲ್ ಆಗಿದೆ. ಗುಳ್ಳೆ ಕಾಣಿಸದಿದ್ದ ದಿನಗಳಲ್ಲೇ ಆಗಿದ್ದು ಇದು. ಇನ್ನೊಂದು ಪ್ಯಾಕೆಟ್ ಹಾಕಿದ್ದರೆ ದುಡ್ಡು ದಂಡ ಅಷ್ಟೇ. ಜೊತೆಗೆ ಹೊಸಬಾಟ್ಲಿ ಅವರು ಹೇಳಿದ ಸಕ್ಕರೆಯನ್ನೂ ಹಾಕಿದ್ದರೆ ಲೆಕ್ಕವೇ ತಪ್ಪುತ್ತಿತ್ತು.

1.010ರ ಹತ್ತಿರ ಬಂದಾಗ ಸಿಪ್ಪೆ ಹಿಂಡಿ ಗಾಜಿಗೆ ವರ್ಗಾಯಿಸಿ. ಅಳೆದ ರಸವನ್ನು ಬಕೆಟ್‌ಗೆ ವಾಪಸ್ ಸುರಿಯಬೇಡಿ, ಕುಡಿದು ನೋಡಿ. ಹುತ್ತರಿಗೆ ಕುಡಿಯೋಕೆ ಆಗುತ್ತೆ, ಆದರೆ ಮಬ್ಬಾಗಿ, ಒರಟಾಗಿ ಇರುತ್ತೆ. ನೆಂಟರಿಗೆ ಹಳೇ ಸ್ಟಾಕ್ ಕೊಡಿ.

ಕಾಫಿಹೂ

ಇವತ್ತು ವರ್ಗಾಯಿಸೋಕೆ ಕೂತೆ, ಹೊಸ ಕಾಟ. ಮೇಜಿನ ಮೇಲೆ ಬಕೆಟ್, ನೆಲದ ಮೇಲೆ 5 ಲೀಟರ್ ಗಾಜಿನ ಜಾಡಿ, ನಡುವೆ ಪೈಪ್. ಚೆನ್ನಾಗಿ ಹರಿಯುತ್ತೆ, ಐದು ನಿಮಿಷಕ್ಕೆ ನಿಲ್ಲುತ್ತೆ. ಪೈಪ್‌ನ ಮೇಲಿನ ಬಾಗಿನಲ್ಲಿ ಗಾಳಿ ತುಂಬಿಕೊಳ್ತಿದೆ. ಯಜಮಾನರು ಬಾಯಲ್ಲಿ ಎಳೆದುಕೊಡ್ತೀನಿ ಅಂತ ಕಾಯ್ತಾ ಇದ್ದಾರೆ, ನಾನು ಬಿಟ್ಟಿಲ್ಲ.

ಸಮುದ್ರದಾಚೆ

ಬಿಡಬೇಡಿ, ಬಾಯಲ್ಲಿ ಬ್ಯಾಕ್ಟೀರಿಯಾ ಬೇಕಾದಷ್ಟಿರುತ್ತೆ! ಪೈಪ್‌ಗೆ ಕುದಿಸಿ ಆರಿಸಿದ ನೀರು ತುಂಬಿ, ತುದಿ ಹೆಬ್ಬೆರಳಲ್ಲಿ ಮುಚ್ಚಿ, ಇನ್ನೊಂದು ತುದಿಯನ್ನು ರಸದಲ್ಲಿ ಇಳಿಸಿ ಬಿಡಿ. ಮೊದಲ ನೀರು ಲೋಟಕ್ಕೆ ಹೋಗಲಿ, ಕೆಂಪು ಬಂದಮೇಲೆ ಜಾಡಿಗೆ.

ಗಾಳಿ ತುಂಬೋದಕ್ಕೆ ಎರಡು ಕಾರಣ ಇರಬಹುದು. ಗಟ್ಟಿ ಕೊಳವೆಗೆ ಮೆದು ಪೈಪ್ ಸಿಕ್ಕಿಸಿದ ಜಾಗ ಸಡಿಲ ಇದ್ದರೆ ಅಲ್ಲಿಂದ ಗಾಳಿ ಎಳೆಯುತ್ತೆ. ಪೈಪ್ ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆದು ಮಾಡಿ ಒಳಕ್ಕೆ ತಳ್ಳಿ, ಕ್ಲಿಪ್ ಹಾಕಿ. ಅದು ಬಿಗಿ ಇದ್ದರೆ ವೈನ್‌ನಲ್ಲಿ ಕರಗಿರೋ ಗ್ಯಾಸೇ ಮೇಲಿನ ಬಾಗಿನಲ್ಲಿ ಸೇರ್ತಿದೆ. ಬಕೆಟ್ ಅಂಚಿನ ಮೇಲೆ ಪೈಪ್ ಎಷ್ಟು ಕಡಿಮೆ ಎತ್ತರದಲ್ಲಿ ಬಾಗುತ್ತೋ ಅಷ್ಟು ಒಳ್ಳೆಯದು. ಆ ಬಾಗನ್ನು ಬೆರಳಲ್ಲಿ ತಟ್ಟುತ್ತಿದ್ದರೆ ಗುಳ್ಳೆ ಮುಂದೆ ಹೋಗುತ್ತೆ.

ದ್ರಾಕ್ಷಿಚಪ್ಪರ

ಬೀಜ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ರಸದೊಳಗಿನ ತುದಿಗೆ ಕುದಿಸಿದ ಮಲ್ಲು ಬಟ್ಟೆ ಕಟ್ಟಿ. ತುದಿ ತಳಕ್ಕೆ ತಾಗಬಾರದು, ಗಸಿ ಮೇಲೇಳುತ್ತೆ.

ಕಾಫಿಹೂ

ಸಡಿಲ ಇದ್ದದ್ದು ಪೈಪ್ ಸೇರೋ ಜಾಗ. ಕ್ಲಿಪ್ ಹಾಕಿದ ಮೇಲೆ ಒಂದೇ ಸಮ ಹರಿಯಿತು. 5 ಲೀಟರ್ ಜಾಡಿ ತುಂಬಿ, 2 ಲೀಟರ್‌ನ ಬಾಟಲಿಯಲ್ಲಿ ಕತ್ತಿನವರೆಗೆ ಬರಲಿಲ್ಲ, ನಾಲ್ಕು ಬೆರಳು ಖಾಲಿ. ನೀರು ತುಂಬಿಸಲಾ? ಮತ್ತೆ ಸಣ್ಣಗೆ ಕೊಳೆತ ಮೊಟ್ಟೆ ವಾಸನೆ ಬರ್ತಿದೆ. ಹಾಳಾಯಿತಾ?

ಲ್ಯಾಬ್‌ಮೇಷ್ಟ್ರು

ನೀರು ಬೇಡ, ರುಚಿ ತೆಳುವಾಗುತ್ತೆ. ಮಕ್ಕಳು ಆಡೋ ಗಾಜಿನ ಗೋಲಿ ಕುದಿಸಿ ಆರಿಸಿ, ಬಾಟಲಿ ಓರೆ ಮಾಡಿ ಒಂದೊಂದೇ ಜಾರಿಸಿ. ಮಟ್ಟ ಮೇಲೆ ಬರುತ್ತೆ, ಗಾಳಿಗೆ ಜಾಗ ಉಳಿಯಲ್ಲ.

ಮೊಟ್ಟೆ ವಾಸನೆ ಸೋಂಕಲ್ಲ. ಸಾರಜನಕ ಸಾಲದೆ ಹೋದಾಗ ಯೀಸ್ಟ್ ಬಿಡೋ ಹೈಡ್ರೋಜನ್ ಸಲ್ಫೈಡ್ ಅದು. ಈಗಷ್ಟೇ ಗಸಿ ಬಿಟ್ಟು ವರ್ಗಾಯಿಸಿದ್ದೀರಿ, ಅದರಲ್ಲೇ ಬಹುಪಾಲು ಹಾರಿಹೋಗಬಹುದು. ಒಂದು ವಾರಕ್ಕೂ ಹೋಗದಿದ್ದರೆ ಸ್ವಲ್ಪ ಎತ್ತರದಿಂದ ಬೀಳುವ ಹಾಗೆ ಇನ್ನೊಂದು ಜಾಡಿಗೆ ಸುರಿಯಿರಿ. ಮುಂದಿನ ಸಲ ಯೀಸ್ಟ್‌ಗೆ ಆಹಾರ ಅಂತ ವೈನ್ ಸಾಮಾನಿನ ಜೊತೆ ಮಾರ್ತಾರೆ, ಅದನ್ನು ಶುರುವಿನಲ್ಲೇ ಹಾಕಿ. ತೋಟದ ಗೊಬ್ಬರದ ಡಿಎಪಿ ತಂದು ಹಾಕೋರೂ ಇದ್ದಾರೆ, ದಯವಿಟ್ಟು ಬೇಡ.

ಕುಡ್ಲದವ

ಮೇಷ್ಟ್ರೇ, ಜಾಡಿ ತೊಳೆಯೋಕೆ ಬಿಸಿನೀರು ಸಾಕಲ್ವಾ?

ಲ್ಯಾಬ್‌ಮೇಷ್ಟ್ರು

ತಣ್ಣನೆ ಗಾಜಿಗೆ ಕುದಿಯೋ ನೀರು ಸುರಿದರೆ ಬಿರಿಯುತ್ತೆ. ಸ್ಕ್ವಾಷ್ ಮಾಡೋರು ಹಾಕೋ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ ಸಿಗುತ್ತಲ್ಲ, ಒಂದು ಲೀಟರ್ ನೀರಿಗೆ 20 ಗ್ರಾಂ, ಜೊತೆಗೆ ಸ್ವಲ್ಪ ನಿಂಬೆ ಉಪ್ಪು. ಪೈಪ್, ಏರ್‌ಲಾಕ್, ಜಾಡಿ ಎಲ್ಲಕ್ಕೂ ಅದೇ. ಮೊದಲು ಸೋಪಿನಲ್ಲಿ ಕೊಳೆ ಹೋಗಬೇಕು, ಆಮೇಲೆ ಇದು. ಕಿಟಕಿ ಪಕ್ಕ ಮಾಡಿ, ವಾಸನೆ ಮೂಗಿಗೆ ಹೊಡೆಯುತ್ತೆ. ಆಸ್ತಮಾ ಇರೋರು ದೂರ ಇರಲಿ.

ಕಾಫಿಹೂ

ಮೊಟ್ಟೆ ವಾಸನೆ ಹೋಯಿತು. ಹೈಡ್ರೋಮೀಟರ್ 0.996 ತೋರಿಸ್ತಿದೆ. ಹೋದ ವಾರವೂ ಅಷ್ಟೇ ಇತ್ತು. ಈಗ ಏರ್‌ಲಾಕ್‌ನಲ್ಲಿ ದಿನಕ್ಕೆ ಒಂದೆರಡು ಗುಳ್ಳೆ ಬರ್ತಿದೆ, ಅದು ನೋಡಿ ನಗು ಬಂತು. ಮನೆಯವರಿಗೆ ಸ್ವಲ್ಪ ಸಿಹಿ ಬೇಕಂತೆ. ಸಕ್ಕರೆ ಹಾಕಿ ಬಾಟಲಿಗೆ ತುಂಬಿಬಿಡಲಾ?

ಲ್ಯಾಬ್‌ಮೇಷ್ಟ್ರು

ಒಂದು ವಾರದ ಅಂತರದಲ್ಲಿ ಎರಡು ಅಳತೆ ಒಂದೇ ಬಂದಿದೆ ಅಂದರೆ ಮುಗಿದಿದೆ. ಈಗ ಬರೋ ಗುಳ್ಳೆ ಕರಗಿದ್ದ ಗ್ಯಾಸು ಮೆಲ್ಲಗೆ ಬಿಡ್ತಿರೋದು. ಸಕ್ಕರೆ ಹಾಕಿ ಬಿಗಿಯಾಗಿ ಮುಚ್ಚಿದರೆ ಉಳಿದ ಯೀಸ್ಟ್ ಮತ್ತೆ ಏಳುತ್ತೆ, ಬಾಟಲಿ ಒಡೆಯುತ್ತೆ. ಪೊಟ್ಯಾಸಿಯಂ ಸಾರ್ಬೇಟ್ ಮತ್ತು ಕೆಎಂಎಸ್ ಎರಡೂ ಹಾಕಿದ ಮೇಲೆ ಮಾತ್ರ ಸಿಹಿ ಮಾಡಬಹುದು. 5 ಲೀಟರ್‌ಗೆ ಕೆಎಂಎಸ್ ಅರ್ಧ ಗ್ರಾಂಗಿಂತ ಕಡಿಮೆ ಸಾಕು, ಚಮಚದಲ್ಲಿ ಅಳೆಯಬೇಡಿ, ಚಿನ್ನ ತೂಗೋ ಥರದ ಸಣ್ಣ ತಕ್ಕಡಿ ಬೇಕು. ಅದೆಲ್ಲ ಬೇಡ ಅಂದರೆ ಹಾಗೇ ತುಂಬಿಡಿ. ಸಿಹಿ ಬೇಕಾದವರು ಲೋಟದಲ್ಲೇ ಸಕ್ಕರೆ ಪಾಕ ಬೆರೆಸಿಕೊಳ್ಳಲಿ.

ಕಾಫಿಹೂ

ಲೋಟದಲ್ಲೇ ಸರಿ ಮೇಷ್ಟ್ರೇ. ಎಸ್ ಆಕಾರದ ಏರ್‌ಲಾಕ್ ಮೈಸೂರಿನಲ್ಲಿ ಎಲ್ಲಾದರೂ ಅಂಗಡಿಯಲ್ಲಿ ಸಿಗುತ್ತಾ, ಆನ್‌ಲೈನೇ ಗತಿಯಾ?

ಲ್ಯಾಬ್‌ಮೇಷ್ಟ್ರು

ಆನ್‌ಲೈನೇ. ತರಿಸೋದಾದರೆ ಎರಡು ತರಿಸಿ, ತೊಳೆಯುವಾಗ ಒಂದು ಒಡೆದೇ ಒಡೆಯುತ್ತೆ.